ಗ್ರಂಥಾಲಯ ನಿಮ್ಮ ಮಗಳ ಮೊಬೈಲಿಗೂ ಬರಲಿ

ಬಾಗಲೂರಿನ ಒಂದು ಮನೆಯ ಮಗಳು ಎಂ.ಎಸ್ಸಿ. ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಎದ್ದು ಬಸ್ಸು ಹತ್ತಬೇಕು. ಯಲಹಂಕದಲ್ಲಿ ಇಳಿದು ಮತ್ತೊಂದು ಬಸ್ಸಿಗೆ ಕಾಯಬೇಕು. ಹೆಬ್ಬಾಳದ ವಾಹನಗಳ ಸಾಲಿನಲ್ಲಿ ಸಿಲುಕಿಕೊಂಡರೆ ಮೊದಲ ತರಗತಿ ತಪ್ಪಿದಂತೆಯೇ. ಸಂಜೆ ಪಾಠ ಮುಗಿದ ಮೇಲೆ ಗ್ರಂಥಾಲಯದಲ್ಲಿ ಒಂದೆರಡು ಗಂಟೆ ಕುಳಿತು ಓದೋಣವೆಂದರೆ ಕತ್ತಲಾಗುವ ಮುಂಚೆ ಮನೆ ಸೇರಬೇಕೆಂಬ ಚಿಂತೆ. ಮನೆಯಲ್ಲಿ ತಾಯಿ ಬಾಗಿಲ ಕಡೆಗೇ ನೋಡುತ್ತಿರುತ್ತಾಳೆ. ಕೊನೆಗೆ ಆಕೆ ಮಾಡುವುದೇನು? ಓದಬೇಕಾಗಿದ್ದ ಪುಸ್ತಕವನ್ನು ಕಪಾಟಿನಲ್ಲಿಯೇ ಬಿಟ್ಟು, ಗೆಳತಿಯ ನೋಟ್ಸನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಸ್ಸು ಹತ್ತುತ್ತಾಳೆ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವೇನೋ ಉಳಿಯಿತು. ಆದರೆ ಸಮಯ ಉಳಿಯಲಿಲ್ಲ. ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ ಕಳೆಯುವ ವಿದ್ಯಾರ್ಥಿನಿಗೆ ಸಂಜೆ ಆರಕ್ಕೋ ಎಂಟಕ್ಕೋ ಮುಚ್ಚುವ ಗ್ರಂಥಾಲಯ ಇದ್ದೂ ಇಲ್ಲದಂತೆ.

ಹಾಗಾದರೆ ಆ ಗ್ರಂಥಾಲಯವೇ ಆಕೆಯ ಬಳಿಗೆ ಬರಲು ಸಾಧ್ಯವಿಲ್ಲವೇ? ಆಕೆಯ ಕೈಯಲ್ಲಿ ಮೊಬೈಲ್ ಇದೆ. ಅದರಲ್ಲಿ ವಾಟ್ಸಾಪ್ ಇದೆ, ಯೂಟ್ಯೂಬ್ ಇದೆ, ಟೆಲಿಗ್ರಾಂ ಇದೆ. "ಯಾವಾಗ ನೋಡಿದರೂ ಮೊಬೈಲ್ ಹಿಡಿದುಕೊಂಡೇ ಕೂತಿರುತ್ತಾಳೆ" ಎಂಬುದು ಇಂದು ಬಹುತೇಕ ಹೆತ್ತವರ ದೂರು. ಆ ದೂರಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅದೇ ಮೊಬೈಲು ವಿಶ್ವವಿದ್ಯಾಲಯದ ಗ್ರಂಥಾಲಯದ ಬಾಗಿಲೂ ಆಗಬಲ್ಲದು ಎಂಬುದನ್ನು ನಾವು ಎಷ್ಟು ಮಂದಿ ಯೋಚಿಸಿದ್ದೇವೆ?

ಮಗ್ಗುಲಲ್ಲೇ ಭಂಡಾರ

ಪುಸ್ತಕಗಳ ವಿಷಯದಲ್ಲಿ ಬೆಂಗಳೂರಿನ ಉತ್ತರ ಭಾಗ ಬಡವಾಗಿಲ್ಲ. ಯಲಹಂಕದಿಂದ ಬಾಗಲೂರಿಗೆ ಬರುವ ದಾರಿಯಲ್ಲಿ, ಕಟ್ಟಿಗೇನಹಳ್ಳಿಯಲ್ಲಿ ರೇವಾ ವಿಶ್ವವಿದ್ಯಾಲಯವಿದೆ. ಇದು 2012ರ ರಾಜ್ಯ ಶಾಸನದ ಮೂಲಕ ಸ್ಥಾಪನೆಯಾದ ಖಾಸಗಿ ವಿಶ್ವವಿದ್ಯಾಲಯ. ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣವಿದೆ. ಆ ವಿಶ್ವವಿದ್ಯಾಲಯ ಆರಂಭವಾದದ್ದು 1964ರಲ್ಲಿ. ಯಶವಂತಪುರದ ಪಕ್ಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಅದರ ಗ್ರಂಥಾಲಯಕ್ಕೆ ನೂರು ವರ್ಷ ದಾಟಿದೆ. ಇತ್ತ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಆಡಳಿತ ಕಚೇರಿ ಕೋಲಾರದಲ್ಲಿದೆ. ಕಾಲೇಜು ಒಂದು ಊರಲ್ಲಿ, ವಿಶ್ವವಿದ್ಯಾಲಯ ಇನ್ನೊಂದು ಊರಲ್ಲಿ ಇರುವ ವಿದ್ಯಾರ್ಥಿಗಳ ಪಾಲಿಗೆ 'ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯ' ಎಂಬುದು ಬರೀ ಹೆಸರು.

ಕಟ್ಟಡದೊಳಗಿನ ಪುಸ್ತಕಗಳ ಮಾತು ಹಾಗಿರಲಿ. ಕಟ್ಟಡದ ಹೊರಗೂ ಓದಲು ಸಿಗುವ ಸಂಪತ್ತು ಇನ್ನೂ ದೊಡ್ಡದು. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಇದಕ್ಕಾಗಿ ಮೀಸಲು. 30 ಅಂತಾರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅಧೀನದ 6,300ಕ್ಕೂ ಹೆಚ್ಚು ಸಂಸ್ಥೆಗಳ ವಿದ್ಯಾರ್ಥಿಗಳು, ಅಧ್ಯಾಪಕರು ಓದುವಂತೆ ಮಾಡುವುದು ಇದರ ಉದ್ದೇಶ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮದ ಬಳಿಕ ಪಿಎಚ್.ಡಿ. ಪ್ರಬಂಧಗಳು 'ಶೋಧಗಂಗಾ' ಎಂಬ ಭಂಡಾರ ಸೇರುತ್ತಿವೆ. ಅಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಕೃಷಿ ವಿಷಯದ ಪ್ರಬಂಧಗಳಿಗೆ 'ಕೃಷಿಕೋಶ'ವಿದೆ. ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು 2018ರ ಜೂನ್ 19ರಂದು ದೇಶಕ್ಕೆ ಅರ್ಪಣೆಯಾಯಿತು.

ಇಷ್ಟೆಲ್ಲ ಇದೆ. ಆದರೆ ನಿಮ್ಮ ಮಗನನ್ನೋ ಮಗಳನ್ನೋ ಒಮ್ಮೆ ಕೇಳಿ ನೋಡಿ. "ಶೋಧಗಂಗಾ ಎಂದರೇನು? ನಿನ್ನ ಕಾಲೇಜಿಗೆ ಯಾವ ಪತ್ರಿಕೆಗಳು ಸಿಗುತ್ತವೆ?" ಉತ್ತರ ಬರದಿದ್ದರೆ ಆಶ್ಚರ್ಯಪಡಬೇಡಿ. ನಿಧಿ ಇದೆ, ಆದರೆ ಬೀಗದ ಕೈ ಎಲ್ಲಿದೆಯೆಂದು ಹೇಳಿದವರಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಇಂದು ಇರುವ ದೊಡ್ಡ ಕೊರತೆ ಇದೇ.

ಎತ್ತಿನ ಗಾಡಿಯಿಂದ ವಾಟ್ಸಾಪಿಗೆ

ಗ್ರಂಥಾಲಯ ಓದುಗನ ಬಳಿಗೆ ಹೋಗಬೇಕೆಂಬುದು ಇಂದಿನ ಮೊಬೈಲ್ ಕಂಪನಿಗಳು ಕಂಡುಹಿಡಿದ ಮಾತಲ್ಲ. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಒಯ್ಯುವ ಸಂಚಾರಿ ಗ್ರಂಥಾಲಯ ಆರಂಭವಾಯಿತು. ಅದರ ಹಿಂದಿದ್ದ ಪ್ರೇರಣೆಗಳಲ್ಲಿ ಒಂದು ಎಸ್. ಆರ್. ರಂಗನಾಥನ್ ಅವರ ವಿಚಾರ. ಅದೇ ವರ್ಷ ಅವರ 'ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು' ಪುಸ್ತಕವೂ ಪ್ರಕಟವಾಯಿತು.

ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತಮ್ಮ ಜೀವನದ ಕೊನೆಯ ಹದಿನೈದು ವರ್ಷಗಳನ್ನು ಅವರು ಕಳೆದದ್ದು ನಮ್ಮ ಬೆಂಗಳೂರಿನಲ್ಲಿಯೇ. ಗ್ರಂಥಾಲಯ ವಿಜ್ಞಾನದಲ್ಲಿ ತರಬೇತಿ ಮತ್ತು ಸಂಶೋಧನೆ ನಡೆಸುವ ಡಿ.ಆರ್.ಟಿ.ಸಿ. ಎಂಬ ಕೇಂದ್ರವನ್ನು 1962ರಲ್ಲಿ ಇಲ್ಲಿಯೇ ಸ್ಥಾಪಿಸಿದರು. 1972ರ ಸೆಪ್ಟೆಂಬರ್ 27ರಂದು ಇಲ್ಲಿಯೇ ನಿಧನರಾದರು. ಇಂದಿಗೂ ಆಗಸ್ಟ್ 12ರಂದು ಅವರ ನೆನಪಿನಲ್ಲಿ ಗ್ರಂಥಪಾಲಕರ ದಿನ ಆಚರಿಸುತ್ತಾರೆ.

ಅವರ ಐದು ಸೂತ್ರಗಳ ಸಾರ ಸರಳ. ಪುಸ್ತಕ ಇರುವುದು ಉಪಯೋಗಕ್ಕೆ, ಕಪಾಟಿನ ಅಲಂಕಾರಕ್ಕಲ್ಲ. ಪ್ರತಿ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದುಗನ ಸಮಯ ಉಳಿಯಬೇಕು. ಗ್ರಂಥಾಲಯ ಬೆಳೆಯುತ್ತಲೇ ಇರಬೇಕು. ವಾಟ್ಸಾಪ್, ಫೇಸ್‌ಬುಕ್, ಯೂಟ್ಯೂಬ್ ಯಾವುದೇ ಇರಲಿ, ಗ್ರಂಥಾಲಯವೊಂದು ಅದನ್ನು ಬಳಸುವುದು ಸರಿಯೋ ತಪ್ಪೋ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ. ಅದರಿಂದ ಓದುಗಳ ಸಮಯ ಉಳಿಯಿತೇ? ಆಕೆಗೆ ಬೇಕಾದದ್ದು ಸಿಕ್ಕಿತೇ? ಉಳಿಯಿತು, ಸಿಕ್ಕಿತು ಎಂದಾದರೆ ಆ ಸಾಧನ ಒಳ್ಳೆಯದು. ಇಲ್ಲವಾದರೆ ಅದು ಬರಿಯ ಗದ್ದಲ.

2005ರಲ್ಲಿ ಅಮೆರಿಕದ ಗ್ರಂಥಪಾಲಕ ಮೈಕೆಲ್ ಕೇಸಿ 'ಲೈಬ್ರರಿ 2.0' ಎಂಬ ಮಾತನ್ನು ಚಾಲ್ತಿಗೆ ತಂದರು. ಗ್ರಂಥಾಲಯ ಹೇಳುವುದು, ಓದುಗ ಕೇಳುವುದು ಎಂಬ ಒಂದೇ ದಾರಿಯ ಬದಲು ಓದುಗನೂ ಮಾತನಾಡಬೇಕು, ಗ್ರಂಥಾಲಯವೂ ಕಿವಿಗೊಡಬೇಕು ಎಂಬುದು ಅದರ ತಿರುಳು. ಆಮೇಲೆ ನಮ್ಮ ದೇಶದಲ್ಲಿಯೂ ಅನೇಕ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಫೇಸ್‌ಬುಕ್ ಪುಟ ತೆರೆದವು. ಆದರೆ ಅಂತಹ ಪುಟಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಏನು? ಅತಿಥಿಗಳಿಗೆ ಹೂಗುಚ್ಛ ನೀಡುವ ಫೋಟೋ, ದೀಪ ಬೆಳಗಿಸುವ ಫೋಟೋ, ಹಬ್ಬದ ಶುಭಾಶಯ! ನಾಳೆ ಪರೀಕ್ಷೆ ಬರೆಯುವ ಹುಡುಗಿಗೆ ಇದರಿಂದ ಏನು ಉಪಯೋಗ?

ಅಗತ್ಯ ಮೊದಲು, ಸಾಧನ ಆಮೇಲೆ

ಒಬ್ಬ ವಿದ್ಯಾರ್ಥಿನಿಗೆ ಗ್ರಂಥಾಲಯದಿಂದ ನಿಜವಾಗಿ ಬೇಕಾಗಿರುವುದು ಏನೆಂದು ಪಟ್ಟಿ ಮಾಡಿದರೆ ಅದು ಬಹಳ ಉದ್ದವೇನಲ್ಲ. ತನಗೆ ಬೇಕಾದ ಪುಸ್ತಕ ಇದೆಯೇ, ಯಾರಾದರೂ ಒಯ್ದಿದ್ದಾರೆಯೇ, ಯಾವಾಗ ಸಿಗುತ್ತದೆ ಎಂಬುದು ಮನೆಯಿಂದ ಹೊರಡುವ ಮುಂಚೆಯೇ ತಿಳಿಯಬೇಕು. ಪುಸ್ತಕ ಹಿಂದಿರುಗಿಸುವ ದಿನ ನೆನಪಾಗಬೇಕು, ದಂಡ ಬೀಳಬಾರದು. ಹುಡುಕಲು ಗೊತ್ತಾಗದಿದ್ದಾಗ ಕೇಳಲು ಒಬ್ಬರಿರಬೇಕು. ಹುಡುಕುವ ವಿಧಾನವನ್ನು ಯಾರಾದರೂ ಒಮ್ಮೆ ಕಲಿಸಿಕೊಡಬೇಕು. ಇಲ್ಲದ ಪುಸ್ತಕವನ್ನು ತರಿಸಿಕೊಡಿ ಎಂದು ಕೇಳಲು ದಾರಿಯಿರಬೇಕು. ಇಷ್ಟೇ.

ಈ ಒಂದೊಂದು ಅಗತ್ಯಕ್ಕೂ ಒಂದೊಂದು ಸಾಧನ ಹೊಂದುತ್ತದೆ.

ಸೂಚನೆಗಳಿಗೆ ವಾಟ್ಸಾಪ್ ಚಾನೆಲ್ ಸಾಕು. 2023ರ ಸೆಪ್ಟೆಂಬರಿನಲ್ಲಿ ಇದು ಭಾರತಕ್ಕೆ ಬಂತು. ಗ್ರಂಥಾಲಯದ ವೇಳೆ ಬದಲಾದರೆ, ಹೊಸ ಪುಸ್ತಕ ಬಂದರೆ, ಹಳೆಯ ಪ್ರಶ್ನೆಪತ್ರಿಕೆಗಳು ಎಲ್ಲಿವೆಯೆಂದು ತಿಳಿಸಬೇಕಾದರೆ ಒಂದು ಸಂದೇಶ ಸಾಕು. "ನಾಳೆ ಗ್ರಂಥಾಲಯ ಮಧ್ಯಾಹ್ನ ಎರಡಕ್ಕೆ ಮುಚ್ಚುತ್ತದೆ" ಎಂಬ ಒಂದು ಸಾಲು ಬಾಗಲೂರಿನಿಂದ ಹೊರಡುವವಳ ಅರ್ಧ ದಿನವನ್ನು ಉಳಿಸುತ್ತದೆ.

ಪ್ರಶ್ನೋತ್ತರಕ್ಕೆ ವಾಟ್ಸಾಪ್ ಬಿಸಿನೆಸ್ ಒಳ್ಳೆಯದು. ಇದು 2018ರಿಂದ ನಮ್ಮಲ್ಲಿದೆ. ಹೆಸರು ವ್ಯಾಪಾರದ್ದಾದರೂ ಗ್ರಂಥಾಲಯದ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಪದೇ ಪದೇ ಬರುವ ಪ್ರಶ್ನೆಗಳಿಗೆ ಸಿದ್ಧ ಉತ್ತರ ಬರೆದಿಡಬಹುದು. ಕಚೇರಿ ಮುಚ್ಚಿದ ಮೇಲೆ ಬಂದ ಪ್ರಶ್ನೆಗೆ "ನಾಳೆ ಹತ್ತು ಗಂಟೆಯ ನಂತರ ಉತ್ತರಿಸುತ್ತೇವೆ" ಎಂದು ತಾನಾಗಿಯೇ ಹೇಳುವ ವ್ಯವಸ್ಥೆಯಿದೆ. ಗ್ರಂಥಪಾಲಕರ ಸ್ವಂತ ನಂಬರು ಕೊಡಬೇಕಾಗಿಲ್ಲ, ಗ್ರಂಥಾಲಯದ್ದೇ ಒಂದು ಸಂಖ್ಯೆ ಇದ್ದರಾಯಿತು. ಅನೇಕ ಕಡೆ ಇರುವ ಸಿಬ್ಬಂದಿಯೇ ಕಡಿಮೆ. ರಾತ್ರಿ ಹನ್ನೊಂದಕ್ಕೂ ಅವರೇ ಉತ್ತರಿಸಲಿ ಎಂದು ಬಯಸುವುದು ನ್ಯಾಯವಲ್ಲ.

ಕಲಿಸುವುದಕ್ಕೆ ಯೂಟ್ಯೂಬ್. ಗ್ರಂಥಾಲಯದ ಗಣಕದಲ್ಲಿ ಪುಸ್ತಕ ಹುಡುಕುವುದು ಹೇಗೆ, ಶೋಧಗಂಗಾದಲ್ಲಿ ಒಂದು ವಿಷಯದ ಪ್ರಬಂಧಗಳನ್ನು ಬೇರ್ಪಡಿಸುವುದು ಹೇಗೆ, ಇತರರ ಬರಹವನ್ನು ಉಲ್ಲೇಖಿಸುವಾಗ ಹೆಸರು ನೀಡುವುದು ಹೇಗೆ ಎಂಬುದನ್ನು ಐದು ನಿಮಿಷದ ಕನ್ನಡ ವಿಡಿಯೋದಲ್ಲಿ ತೋರಿಸಬಹುದು. ಒಮ್ಮೆ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ಹಳ್ಳಿಯ ಕನ್ನಡ ಮಾಧ್ಯಮದಿಂದಲೋ ಉರ್ದು ಮಾಧ್ಯಮದಿಂದಲೋ ಬಂದು ಇಂಗ್ಲಿಷಿನ ಮುಂದೆ ಅಳುಕುವ ಮಕ್ಕಳಿಗೆ ಇದು ದೊಡ್ಡ ಆಸರೆ. ತರಗತಿಯಲ್ಲಿ ಎದ್ದುನಿಂತು ಕೇಳಲು ನಾಚುವವರು ವಿಡಿಯೋವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡುತ್ತಾರೆ, ಯಾರೂ ನಗುವುದಿಲ್ಲ.

ಬೇಡಿಕೆ ಸಲ್ಲಿಸುವುದಕ್ಕೆ ಒಂದು ಗೂಗಲ್ ಫಾರ್ಮ್ ಸಾಕು. ಕೃಷಿ ವಿಶ್ವವಿದ್ಯಾಲಯಗಳಲ್ಲಿ 2007ರಿಂದ 'ಸೆರಾ' ಎಂಬ ಒಕ್ಕೂಟವಿದೆ. ತಮ್ಮಲ್ಲಿಲ್ಲದ ಲೇಖನವನ್ನು ಒಕ್ಕೂಟದ ಇನ್ನೊಂದು ಗ್ರಂಥಾಲಯದಿಂದ ತರಿಸಿಕೊಳ್ಳುವ ಏರ್ಪಾಡು ಅದರಲ್ಲಿದೆ. ಇಂತಹ ಸೌಲಭ್ಯ ಇದೆಯೆಂಬುದೇ ಅನೇಕ ವಿದ್ಯಾರ್ಥಿಗಳಿಗೆ ಗೊತ್ತಿಲ್ಲದಿದ್ದರೆ ಅದು ಇದ್ದೂ ಏನು ಫಲ? ತಿಂಗಳಿಗೊಮ್ಮೆ ಚಾನೆಲಿನಲ್ಲಿ ನೆನಪಿಸಿದರೆ ಬಾಗಿಲು ತೆರೆದಂತಾಗುತ್ತದೆ.

ಓದುಗರೇ ಗ್ರಂಥಾಲಯಕ್ಕೆ ಕಲಿಸಿದಾಗ

ಸಾಮಾಜಿಕ ಜಾಲತಾಣಗಳಿಂದ ಓದುಗರಿಗೆ ಮಾತ್ರವಲ್ಲ, ಗ್ರಂಥಾಲಯಕ್ಕೂ ಲಾಭವಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳಲ್ಲಿ ಒಂದು. 2008ರ ಜನವರಿಯಲ್ಲಿ ಅದು ತನ್ನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಹಳೆಯ ಚಿತ್ರಗಳನ್ನು ಫ್ಲಿಕರ್ ಎಂಬ ಜಾಲತಾಣದಲ್ಲಿ ಹಾಕಿತು. ಚಿತ್ರದಲ್ಲಿರುವವರು ಯಾರು, ಊರು ಯಾವುದು ಎಂಬ ವಿವರ ಹಲವು ಚಿತ್ರಗಳಿಗೆ ಸರಿಯಾಗಿ ಇರಲಿಲ್ಲ. ನೋಡಿದ ಸಾಮಾನ್ಯ ಜನರೇ ಹೆಸರು ಬರೆದರು, ತಪ್ಪು ತಿದ್ದಿದರು. ಕೆಲವೇ ತಿಂಗಳುಗಳಲ್ಲಿ ಗ್ರಂಥಾಲಯವು ಪರಿಶೀಲಿಸಿ ನೂರಾರು ಚಿತ್ರಗಳ ದಾಖಲೆಯನ್ನು ಸರಿಪಡಿಸಿಕೊಂಡಿತು. ಅಷ್ಟು ದೊಡ್ಡ ಗ್ರಂಥಾಲಯವೇ ಓದುಗರಿಂದ ಕಲಿಯಲು ನಾಚಲಿಲ್ಲ.

ನಮ್ಮಲ್ಲಿಯೂ ಮುಂದೆ ನಡೆದವರಿದ್ದಾರೆ. ಭಾರತದ ಮೊದಲ ಸಾಂಸ್ಥಿಕ ಡಿಜಿಟಲ್ ಭಂಡಾರವೆಂದು ಹೆಸರಾದ 'ಇಪ್ರಿಂಟ್ಸ್' ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2002ರಲ್ಲಿ ಆರಂಭವಾಯಿತು. ಅದಕ್ಕೂ ಎರಡು ವರ್ಷ ಮೊದಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಪ್ರಬಂಧಗಳಿಗಾಗಿ 'ವಿದ್ಯಾನಿಧಿ' ಯೋಜನೆ ಹುಟ್ಟಿತ್ತು. ಜ್ಞಾನವನ್ನು ಕಪಾಟಿನಿಂದ ಹೊರತರುವುದರಲ್ಲಿ ಕರ್ನಾಟಕ ಹಿಂದುಳಿದಿರಲಿಲ್ಲ. ಹಾಗೆ ಹೊರಬಂದ ಜ್ಞಾನ ಎಲ್ಲಿದೆಯೆಂದು ಮನೆಮನೆಯ ಮಕ್ಕಳಿಗೆ ತಿಳಿಸುವುದರಲ್ಲಿ ಮಾತ್ರ ನಾವು ಹಿಂದೆ ಬಿದ್ದಿದ್ದೇವೆ.

ಹೆಣ್ಣುಮಕ್ಕಳ ಸಂಖ್ಯೆ ಬೀದಿಗೆ ಬೀಳಬಾರದು

ಇಲ್ಲಿ ಹೆತ್ತವರಿಗೆ ಒಂದು ಆತಂಕ ಇರುವುದು ಸಹಜ. "ಗ್ರಂಥಾಲಯದ ಗ್ರೂಪು ಎನ್ನುತ್ತೀರಿ. ಅದರಲ್ಲಿ ನೂರಾರು ಮಂದಿ. ನಮ್ಮ ಮಗಳ ನಂಬರು ಎಲ್ಲರ ಕೈಗೂ ಸಿಗುತ್ತದಲ್ಲ?" ಈ ಪ್ರಶ್ನೆ ಸರಿಯಾದದ್ದೇ. ವಾಟ್ಸಾಪ್ ಗ್ರೂಪಿನಲ್ಲಿ 1,024 ಮಂದಿಯವರೆಗೂ ಸೇರಬಹುದು. ಗ್ರೂಪಿನಲ್ಲಿರುವ ಯಾರು ಬೇಕಾದರೂ ಇತರರ ಸಂಖ್ಯೆಯನ್ನು ನೋಡಬಹುದು. ಗ್ರಂಥಾಲಯದ ಸೂಚನೆಗಳಿಗಾಗಿ ಇಷ್ಟೊಂದು ಸಂಖ್ಯೆಗಳನ್ನು ಬಯಲಿಗಿಡುವ ಅಗತ್ಯವೇ ಇಲ್ಲ.

ಚಾನೆಲ್ ಹಾಗಲ್ಲ. ಅದನ್ನು ಹಿಂಬಾಲಿಸುವವರ ಸಂಖ್ಯೆ ಇತರ ಹಿಂಬಾಲಕರಿಗೆ ಕಾಣುವುದಿಲ್ಲ. ಆದ್ದರಿಂದ ಗ್ರಂಥಾಲಯದವರು ಗ್ರೂಪಿನ ಬದಲು ಚಾನೆಲನ್ನೇ ಬಳಸಲಿ ಎಂದು ಹೆತ್ತವರು ಕೇಳಬಹುದು, ಕೇಳಬೇಕು. ಟೆಲಿಗ್ರಾಂ ಬಳಸುವವರು ಅದರ ಸೆಟ್ಟಿಂಗಿನಲ್ಲಿ ತಮ್ಮ ಸಂಖ್ಯೆ ಯಾರಿಗೂ ಕಾಣದಂತೆ ಮಾಡಿಕೊಳ್ಳಬಹುದು. ವಾಟ್ಸಾಪಿನಲ್ಲಿ 'ನನ್ನನ್ನು ಯಾರು ಗ್ರೂಪಿಗೆ ಸೇರಿಸಬಹುದು' ಎಂಬುದನ್ನು ನಿರ್ಧರಿಸುವ ಆಯ್ಕೆ 2019ರಿಂದಲೇ ಇದೆ. ಇದನ್ನು ಮನೆಯಲ್ಲಿ ತಾಯಿ ಮಗಳು ಒಟ್ಟಿಗೆ ಕುಳಿತು ಸರಿಪಡಿಸಿಕೊಳ್ಳಲು ಎರಡು ನಿಮಿಷ ಸಾಕು.

ಗ್ರಂಥಾಲಯದವರ ಮೇಲೂ ಹೊಣೆಯಿದೆ. ಪುಸ್ತಕ ಹಿಂದಿರುಗಿಸದವರ ಹೆಸರು, ನೋಂದಣಿ ಸಂಖ್ಯೆಗಳ ಪಟ್ಟಿಯನ್ನು ಗ್ರೂಪಿನಲ್ಲಿ ಹಾಕಿ ನಾಚಿಕೆಪಡಿಸುವುದು ಸಲ್ಲದು. ಯಾರು ಯಾವ ಪುಸ್ತಕ ಓದುತ್ತಿದ್ದಾರೆ ಎಂಬುದು ಓದುಗರ ಸ್ವಂತ ವಿಷಯ. ಗಂಡನ ಮನೆಯಲ್ಲಿದ್ದುಕೊಂಡು ಕಾನೂನಿನ ಪುಸ್ತಕ ಓದುವವಳಿರಬಹುದು, ಕಾಯಿಲೆಯ ಬಗ್ಗೆ ಗುಟ್ಟಾಗಿ ತಿಳಿದುಕೊಳ್ಳುವವಳಿರಬಹುದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ನಮ್ಮ ದೇಶದಲ್ಲಿ ಕಾನೂನೇ ಬಂದಿದೆ. ಕಾನೂನು ಇರಲಿ ಬಿಡಲಿ, ಓದುಗರ ಗುಟ್ಟು ಕಾಪಾಡುವುದು ಗ್ರಂಥಪಾಲಕ ವೃತ್ತಿಯ ಹಳೆಯ ಧರ್ಮ.

ಪುಕ್ಕಟೆ ಪಿಡಿಎಫ್‌ಗಳ ಮೋಹ

ಇನ್ನೊಂದು ಮುಳ್ಳಿನ ದಾರಿಯಿದೆ. ಟೆಲಿಗ್ರಾಂನಲ್ಲಿ ಇಡೀ ಪಠ್ಯಪುಸ್ತಕಗಳನ್ನೇ ಪಿಡಿಎಫ್ ಮಾಡಿ ಹಂಚುವ ಗುಂಪುಗಳಿಗೆ ಬರವಿಲ್ಲ. ಬಡ ವಿದ್ಯಾರ್ಥಿಗೆ ಎರಡು ಸಾವಿರ ರೂಪಾಯಿಯ ಪುಸ್ತಕ ಪುಕ್ಕಟೆ ಸಿಗುವಾಗ ಬೇಡವೆನ್ನುವುದು ಸುಲಭವಲ್ಲ. ಆದರೆ ಬರೆದವರ, ಪ್ರಕಟಿಸಿದವರ ಹಕ್ಕನ್ನು ಕಸಿದು ಓದುವುದು ಸರಿಯೇ? ಗ್ರಂಥಾಲಯವೇ ತನ್ನ ಹೆಸರಿನಲ್ಲಿ ಹೀಗೆ ಹಂಚಿದರೆ ಕಾನೂನಿನ ತೊಡಕೂ ತಪ್ಪದು. ಚಂದಾ ಕಟ್ಟಿ ಪಡೆದ ಪತ್ರಿಕೆಗಳ ಪಾಸ್‌ವರ್ಡನ್ನು ಗ್ರೂಪಿನಲ್ಲಿ ಹಾಕುವುದೂ ಅಷ್ಟೇ ಅಪಾಯದ ಕೆಲಸ. ಒಬ್ಬರ ಅಜಾಗರೂಕತೆಯಿಂದ ಇಡೀ ಸಂಸ್ಥೆಯ ಸೌಲಭ್ಯ ನಿಲ್ಲಬಹುದು.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ಬೇಕಾದ ಅಧ್ಯಾಯಗಳ ಜೆರಾಕ್ಸ್ ಪ್ರತಿಗಳ ಬಗ್ಗೆ ದೊಡ್ಡ ಪ್ರಕಾಶಕರು ದಾವೆ ಹೂಡಿದ್ದರು. ಬೋಧನೆಗಾಗಿ ಹಾಗೆ ಪ್ರತಿ ಮಾಡುವುದಕ್ಕೆ ಹಕ್ಕುಸ್ವಾಮ್ಯ ಕಾಯಿದೆಯಲ್ಲಿಯೇ ಅವಕಾಶವಿದೆ ಎಂದು ದೆಹಲಿ ಹೈಕೋರ್ಟು 2016ರಲ್ಲಿ ಹೇಳಿತು. ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವುದು ಗ್ರಂಥಾಲಯದ ಚಾನೆಲಿಗೆ ತಕ್ಕ ಕೆಲಸ. "ಅದನ್ನು ಕದಿಯಬೇಡಿ" ಎಂದಷ್ಟೇ ಹೇಳಿ ಸುಮ್ಮನಾಗಬಾರದು. "ಅದೇ ವಿಷಯ ಇಲ್ಲಿ ಸಕ್ರಮವಾಗಿ, ಹಣವಿಲ್ಲದೆ ಸಿಗುತ್ತದೆ, ನೋಡಿ" ಎಂದು ತೋರಿಸಿಕೊಡಬೇಕು.

ಬಾಡಿಗೆ ಮನೆಯಲ್ಲಿ ಬಾವಿ ತೋಡಬಾರದು

ಆರ್ಕುಟ್ ನೆನಪಿದೆಯೇ? ಒಂದು ಕಾಲದಲ್ಲಿ ನಮ್ಮ ಯುವಕರೆಲ್ಲ ಅಲ್ಲಿಯೇ ಇದ್ದರು. 2014ರಲ್ಲಿ ಅದು ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಟಿಕ್‌ಟಾಕನ್ನು 2020ರ ಜೂನಿನಲ್ಲಿ ಸರ್ಕಾರವೇ ನಿಷೇಧಿಸಿತು. ಅಲ್ಲಿ ಬರೆದಿಟ್ಟದ್ದು, ಕೂಡಿಟ್ಟದ್ದು ಎಲ್ಲವೂ ಹೋಯಿತು. ಇವೆಲ್ಲ ಪರರ ಮನೆಗಳು. ಮಾಲೀಕ ಖಾಲಿ ಮಾಡೆಂದರೆ ಹೊರಡಲೇಬೇಕು.

ಆದ್ದರಿಂದ ಪುಸ್ತಕಗಳ ಪಟ್ಟಿ, ಪ್ರಶ್ನೆಪತ್ರಿಕೆ, ಪ್ರಬಂಧ, ನಿಯಮಗಳಂತಹ ಬಾಳುವ ಸಾಮಗ್ರಿ ಗ್ರಂಥಾಲಯದ ಸ್ವಂತ ಜಾಲತಾಣದಲ್ಲಿಯೇ ಇರಬೇಕು. ವಾಟ್ಸಾಪು, ಫೇಸ್‌ಬುಕ್ಕುಗಳು ಅಲ್ಲಿಗೆ ದಾರಿ ತೋರಿಸುವ ಕೈಕಂಬಗಳಾದರೆ ಸಾಕು. ಗ್ರೂಪಿನಲ್ಲಿ ಹಾಕಿದ ಒಳ್ಳೆಯ ಮಾಹಿತಿ ಮರುದಿನ "ಗುಡ್ ಮಾರ್ನಿಂಗ್" ಸಂದೇಶಗಳ ಅಡಿಯಲ್ಲಿ ಹೂತುಹೋಗುವುದನ್ನು ನೀವೂ ಕಂಡಿರುತ್ತೀರಿ.

ಮೊಬೈಲ್ ಇಲ್ಲದವರು, ಕಣ್ಣು ಕಾಣದವರು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದ ಪುರುಷರು ಸುಮಾರು ಶೇ. 62, ಮಹಿಳೆಯರು ಸುಮಾರು ಶೇ. 35 ಮಾತ್ರ. ಅಂದಿನಿಂದ ಸ್ಥಿತಿ ಬದಲಾಗಿದ್ದೀತು. ಆದರೆ ಅಣ್ಣನಿಗೆ ಸ್ವಂತ ಮೊಬೈಲು, ತಂಗಿಗೆ ತಾಯಿಯ ಹಳೆಯ ಮೊಬೈಲು, ಅದೂ ಕೇಳಿ ಪಡೆದಾಗ ಎಂಬ ರೂಢಿ ಅನೇಕ ಮನೆಗಳಲ್ಲಿ ಇಂದೂ ಇದೆ. ಎಲ್ಲ ಸೂಚನೆಯನ್ನೂ ಮೊಬೈಲಿಗೇ ಕಳುಹಿಸಿ ಸೂಚನಾಫಲಕವನ್ನು ಖಾಲಿ ಬಿಟ್ಟರೆ ಯಾರು ಹೊರಗುಳಿಯುತ್ತಾರೆ ಎಂಬುದನ್ನು ಗ್ರಂಥಾಲಯ ಮರೆಯಬಾರದು. ಚಾನೆಲಿಗೆ ಹೋದ ಪ್ರತಿ ಸೂಚನೆಯ ಒಂದು ಪ್ರತಿ ಗೋಡೆಯ ಮೇಲೂ ಇರಲಿ.

ಹಾಗೆಯೇ ಕಣ್ಣು ಕಾಣದ ವಿದ್ಯಾರ್ಥಿಗಳ ವಿಷಯ. ಅವರ ಮೊಬೈಲು ಅಕ್ಷರವನ್ನು ಓದಿ ಹೇಳುತ್ತದೆ. ಆದರೆ ಸೂಚನೆಯನ್ನು ಚಿತ್ರವಾಗಿಸಿ ಹಾಕಿದರೆ ಹಲವು ಬಾರಿ ಅದು ಮೂಕವಾಗುತ್ತದೆ. ಬಣ್ಣದ ಪೋಸ್ಟರಿನ ಜೊತೆಗೆ ಅದೇ ಮಾತನ್ನು ಕನ್ನಡ ಅಕ್ಷರಗಳಲ್ಲಿ ಕೆಳಗೆ ಟೈಪು ಮಾಡಿದರೆ ಅವರಿಗೂ ಕೇಳಿಸುತ್ತದೆ, ಉಳಿದವರಿಗೂ ಮುಂದೆ ಹುಡುಕಿದಾಗ ಸಿಗುತ್ತದೆ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ 2016ರಿಂದ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯವಿದೆ. ನಿಮ್ಮ ಬಂಧುಬಳಗದಲ್ಲಿ ಅಂತಹ ಮಗುವಿದ್ದರೆ ಈ ಹೆಸರನ್ನು ಇಂದೇ ಬರೆದಿಟ್ಟುಕೊಳ್ಳಿ.

ಮನೆಯವರು ಮಾಡಬೇಕಾದದ್ದು

ಗ್ರಂಥಾಲಯ ಎಷ್ಟೇ ಬಾಗಿಲು ತೆರೆದರೂ ಮನೆಯ ಬಾಗಿಲು ಮುಚ್ಚಿದ್ದರೆ ಪ್ರಯೋಜನವಿಲ್ಲ. ಮಗಳು ರಾತ್ರಿ ಒಂಬತ್ತಕ್ಕೆ ಮೊಬೈಲು ಹಿಡಿದು ಕುಳಿತರೆ ಗದರುವ ಮುಂಚೆ "ಏನು ಓದುತ್ತಿದ್ದೀಯಮ್ಮ?" ಎಂದು ಕೇಳಿ. ಪರದೆಯಲ್ಲಿ ಪ್ರಬಂಧವಿದ್ದರೆ ಆ ಹೊತ್ತಿನಲ್ಲಿ ಅಡಿಗೆಮನೆಯ ಕೆಲಸಕ್ಕೆ ಕರೆಯಬೇಡಿ. ಅವಳು ಬಸ್ಸಿನಲ್ಲಿ ಕಳೆದುಕೊಂಡ ಗ್ರಂಥಾಲಯದ ಹೊತ್ತನ್ನು ಮನೆಯಲ್ಲಿ ಮರಳಿ ಪಡೆಯುತ್ತಿದ್ದಾಳೆ. ವಿಡಿಯೋ ನೋಡಿ ಕಾಲ ಕಳೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸ ತಿಳಿಯಬೇಕಾದರೆ ಹೆತ್ತವರು ಪಕ್ಕದಲ್ಲಿ ಕುಳಿತು ನೋಡಬೇಕು, ದೂರದಿಂದ ಸಂಶಯಪಟ್ಟರೆ ಆಗದು.

ಮದುವೆಯಾಗಿ ಓದು ನಿಲ್ಲಿಸಿದ ಸೊಸೆ ಮನೆಯಲ್ಲಿದ್ದರೆ ಆಕೆಗೂ ಇದು ಅವಕಾಶ. ಶೋಧಗಂಗಾ, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇವೆರಡೂ ಕಾಲೇಜಿನ ಗುರುತಿನ ಚೀಟಿ ಕೇಳುವುದಿಲ್ಲ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಆರಂಭಿಸಿದ ಡಿಜಿಟಲ್ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳೂ ಇವೆ. ಬಿಟ್ಟುಹೋದ ಪದವಿಯನ್ನು ಮುಗಿಸಬೇಕೆಂಬ ಆಸೆ ಆಕೆಗೆ ಇದ್ದರೆ ಮೊದಲ ಹೆಜ್ಜೆ ಮನೆಯೊಳಗಿನಿಂದಲೇ ಇಡಬಹುದು.

ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ನೀವು ಶುಲ್ಕ ಕೇಳುತ್ತೀರಿ, ಹಾಸ್ಟೆಲು ಕೇಳುತ್ತೀರಿ, ಬಸ್ಸು ಕೇಳುತ್ತೀರಿ. ಇನ್ನು ಮುಂದೆ ಈ ನಾಲ್ಕು ಪ್ರಶ್ನೆಗಳನ್ನೂ ಸೇರಿಸಿಕೊಳ್ಳಿ.

1. ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನು ಮನೆಯಿಂದ ನೋಡಬಹುದೇ?

2. ಸಂಶೋಧನಾ ಪತ್ರಿಕೆಗಳನ್ನು ಕಾಲೇಜಿನ ಆವರಣದ ಹೊರಗಿನಿಂದ ಓದುವ ವ್ಯವಸ್ಥೆ ಇದೆಯೇ?

3. ಪ್ರಶ್ನೆ ಕೇಳಲು ಗ್ರಂಥಾಲಯದ್ದೇ ಒಂದು ವಾಟ್ಸಾಪ್ ಸಂಖ್ಯೆ ಇದೆಯೇ? ಎಷ್ಟು ಹೊತ್ತಿನೊಳಗೆ ಉತ್ತರ ಬರುತ್ತದೆ?

4. ಸೂಚನೆಗಳು ಬರುವುದು ಗ್ರೂಪಿನಲ್ಲೋ, ನಂಬರು ಕಾಣದ ಚಾನೆಲಿನಲ್ಲೋ?

ಮೊದಲ ಸಲ ಕೇಳಿದಾಗ ಕಚೇರಿಯವರು ಮುಖ ಮುಖ ನೋಡಿಕೊಳ್ಳಬಹುದು. ಹತ್ತು ಮಂದಿ ಹೆತ್ತವರು ಕೇಳಿದರೆ ಹನ್ನೊಂದನೆಯವರು ಬರುವಾಗ ಉತ್ತರ ಸಿದ್ಧವಾಗಿರುತ್ತದೆ. ಕೇಳದವರಿಗೆ ಯಾವ ಗ್ರಂಥಾಲಯವೂ ತಾನಾಗಿ ಬದಲಾಗಿ ಕೊಟ್ಟಿಲ್ಲ. ನಿಮಗೆ ಒಳ್ಳೆಯ ಉತ್ತರ ಸಿಕ್ಕಿದರೆ ಅದನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಬೇಡಿ. ಅದೇ ಕಾಲೇಜಿಗೆ ಮಕ್ಕಳನ್ನು ಕಳುಹಿಸುವ ನೆರೆಮನೆಗೂ ತಿಳಿಸಿ. ಆ ಸಂದೇಶವನ್ನು ವಾಟ್ಸಾಪಿನಲ್ಲಿಯೇ ಕಳುಹಿಸಿದರೂ ಆಯಿತು!